ಬ್ಯಾನರ್ ಇಳಿಸಿದ ಮೇಲಿನ ಕೆಲಸ: ದಾವಣಗೆರೆಯ ನಮ್ಮ ಸಾರ್ವಜನಿಕ ಆರೋಗ್ಯ ವಿಭಾಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ನಾನು ಕಮ್ಯುನಿಟಿ ಮೆಡಿಸಿನ್, ಅಂದರೆ ಇಡೀ ಊರಿನ ಆರೋಗ್ಯ ನೋಡುವ ವಿಷಯ, ಕಲಿಸುತ್ತೇನೆ. ಹಳಬರು ಇದನ್ನು ಈಗಲೂ ಪಿಎಸ್‌ಎಂ (ಪ್ರಿವೆಂಟಿವ್ ಅಂಡ್ ಸೋಷಿಯಲ್ ಮೆಡಿಸಿನ್) ಎಂದೇ ಕರೆಯುತ್ತಾರೆ. ವಿಭಾಗಕ್ಕೆ ಬರುವ ಫೋನುಗಳಲ್ಲಿ, ಹಳ್ಳಿಯ ಅರಳಿಕಟ್ಟೆಯ ಮೇಲೆ, ವಿದ್ಯಾರ್ಥಿಗಳ ತಂದೆತಾಯಿ ಬಂದಾಗ, ಎಲ್ಲ ಕಡೆ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಸಿಬ್ಬಂದಿಯ ಸುದ್ದಿ ಮತ್ತು ಮುಂದೆ ಬರುವ ಕಾರ್ಯಕ್ರಮಗಳ ಜೊತೆಗೆ ಅವಕ್ಕೆ ಉತ್ತರಗಳನ್ನೂ ಸೇರಿಸಿ ಬರೆದಿದ್ದೇನೆ.

ನಿಮ್ಮ ವಿಭಾಗದಲ್ಲಿ ರೋಗಿಗಳನ್ನು ನೋಡಲ್ವಾ? ಹಾಗಾದ್ರೆ ಏನು ಮಾಡ್ತೀರಿ?

ನೋಡುತ್ತೇವೆ. ನಮ್ಮ ಗ್ರಾಮೀಣ ತರಬೇತಿ ಕೇಂದ್ರದಲ್ಲಿ ಮತ್ತು ನಗರದ ತರಬೇತಿ ಕೇಂದ್ರದಲ್ಲಿ ಬೆಳಗ್ಗೆ ಒಪಿಡಿ ನಡೆಯುತ್ತದೆ. ಆದರೆ ಒಬ್ಬರಿಗೆ ಭೇದಿ ಆಗಿದ್ದರೆ ಮಾತ್ರೆ ಕೊಟ್ಟು ಕಳಿಸಿದಲ್ಲಿಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಅವರ ಬೀದಿಯಲ್ಲಿ ಇನ್ನೂ ಯಾರಿಗಾದರೂ ಆಗಿದೆಯಾ, ಎಲ್ಲರೂ ಒಂದೇ ನಲ್ಲಿಯ ನೀರು ಕುಡಿದಿದ್ದಾರಾ, ಪೈಪು ಚರಂಡಿಯ ಪಕ್ಕ ಹೋಗಿದೆಯಾ ಎಂದು ನೋಡಲು ಅದೇ ದಿನ ಹೊರಡಬೇಕು.

ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಎಂದು ನೋಡಲು ನೇಮಿಸಿದ್ದ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯಲ್ಲೇ ಇದರ ಬೇರು ಇದೆ. ಡಾಕ್ಟರಾಗುವವರು ಆಸ್ಪತ್ರೆಯ ಗೋಡೆಯ ಒಳಗೆ ಮಾತ್ರ ಕಲಿತರೆ ಸಾಲದು, ರೋಗ ಹುಟ್ಟುವ ಜಾಗವನ್ನೂ ನೋಡಬೇಕು ಎಂದು ಆ ಸಮಿತಿ ಹೇಳಿತು. ಅದಕ್ಕೇ ಎಂಬಿಬಿಎಸ್ ಓದುವ ಪ್ರತಿಯೊಬ್ಬರೂ ನಮ್ಮ ವಿಭಾಗದ ಮೂಲಕವೇ ಹಾದು ಹೋಗುತ್ತಾರೆ.

ನೀವು ದಾವಣಗೆರೆ ವಿಶ್ವವಿದ್ಯಾಲಯದವರಾ?

ಅಲ್ಲ. ಇದರಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಮೆಡಿಕಲ್ ಕಾಲೇಜುಗಳು ಸೇರಿರುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಅದು 1996ರದ್ದು. ಪರೀಕ್ಷೆ, ಅಂಕಪಟ್ಟಿ, ಪದವಿ ಎಲ್ಲ ಅಲ್ಲಿಂದಲೇ ಬರುತ್ತವೆ. ದಾವಣಗೆರೆಗೆ ಮೆಡಿಕಲ್ ಓದು ಹೊಸದೇನಲ್ಲ. ಜೆಜೆಎಂ ಕಾಲೇಜು 1965ರಲ್ಲೇ ಶುರುವಾಗಿತ್ತು. ಚಿತ್ರದುರ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ತೆರೆದದ್ದು ಇತ್ತೀಚೆಗೆ, 2023ರಲ್ಲಿ.

ಸಿಬ್ಬಂದಿಯ ಸುದ್ದಿ ಏನು? ಯಾರು ಬಂದರು, ಯಾರು ಹೋದರು?

ಹೆಸರು ಮತ್ತು ಹುದ್ದೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿವೆ. ಇಲ್ಲಿ ನಾನು ಯಾರ ಹೆಸರನ್ನೂ ಹಾಕುವುದಿಲ್ಲ. ಆದರೆ ಕೆಲವರ ಕೆಲಸದ ಬಗ್ಗೆ ಹೇಳಲೇಬೇಕು. ಬಡ್ತಿಯ ಸುದ್ದಿ, ಸನ್ಮಾನದ ಫೋಟೋ ಹೇಗೋ ಜನರಿಗೆ ತಲುಪುತ್ತವೆ. ಬಿಸಿಲಲ್ಲಿ ಮನೆ ಮನೆ ಸುತ್ತುವವರ ವಿಷಯ ಎಲ್ಲೂ ಬರುವುದಿಲ್ಲ.

ನಮ್ಮ ಹಿರಿಯ ಹೆಲ್ತ್ ಇನ್‌ಸ್ಪೆಕ್ಟರ್ ಈ ವರ್ಷ ನಿವೃತ್ತರಾದರು. ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಯಾವ ವಾಲ್ವ್ ಸೋರುತ್ತದೆ, ಯಾವ ಓವರ್‌ಹೆಡ್ ಟ್ಯಾಂಕ್ ತೊಳೆದು ಎಷ್ಟು ತಿಂಗಳಾಯಿತು, ಎಲ್ಲ ಅದರಲ್ಲಿತ್ತು. ಹೊಸ ಹುಡುಗರು ಮೊಬೈಲ್‌ನಲ್ಲಿ ನಕ್ಷೆ ತೆರೆಯುವಷ್ಟರಲ್ಲಿ ಅವರು ಅಲ್ಲಿ ನಿಂತಿರುತ್ತಿದ್ದರು. ಬೀಳ್ಕೊಡುಗೆಯ ದಿನ ನಾನು ಹಾರ ಹಾಕಲು ಹೋದೆ. ಅವರು ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಮೇಡಂ, ಇದನ್ನ ಬೀರುವಿನಾಗೆ ಇಡಬ್ಯಾಡ್ರಿ, ದಿನಾ ತೆಗೀರಿ" ಎಂದರು. ಆ ಪುಸ್ತಕ ಈಗ ವಿಭಾಗದ ಮೇಜಿನ ಮೇಲೇ ಇರುತ್ತದೆ. ಅದನ್ನು ಮುಂದುವರಿಸಿಕೊಂಡು ಹೋಗುವ ಹೊಣೆ ಇಬ್ಬರು ಪಿಜಿ ವಿದ್ಯಾರ್ಥಿಗಳದ್ದು.

ಹೊಸದಾಗಿ ಒಬ್ಬ ಸಂಖ್ಯಾಶಾಸ್ತ್ರಜ್ಞೆ ಬಂದಿದ್ದಾರೆ. ಸರ್ವೆ ಮುಗಿದ ಮೇಲೆ ಲೆಕ್ಕ ಮಾಡುವುದಷ್ಟೇ ಅವರ ಕೆಲಸ ಎಂದು ಹಲವರ ಭಾವನೆ. ನಿಜವಾದ ಉಪಯೋಗ ಶುರುವಿನಲ್ಲೇ ಇದೆ. ಎಷ್ಟು ಮನೆ ನೋಡಬೇಕು, ಯಾವ ಮನೆಗಳನ್ನು ಆರಿಸಬೇಕು ಎಂದು ಅವರನ್ನು ಮೊದಲೇ ಕೇಳಬೇಕು. ರಸ್ತೆಯ ಪಕ್ಕದ ಮನೆಗಳನ್ನು ಮಾತ್ರ ನೋಡಿ ಬಂದರೆ ಊರ ಹೊರಗಿನ ಗುಡಿಸಲುಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ. ಹಾಗೆ ಬಿಟ್ಟುಹೋದವರಿಗೇ ರೋಗದ ಕಾಟ ಜಾಸ್ತಿ ಇರುತ್ತದೆ.

ಸಮಾಜ ಕಾರ್ಯಕರ್ತೆಯೊಬ್ಬರು ಹೆರಿಗೆ ರಜೆ ಮುಗಿಸಿ ಮರಳಿದ್ದಾರೆ. ಅವರು ಇಲ್ಲದ ತಿಂಗಳುಗಳಲ್ಲಿ ನಮಗೆ ಬಾಗಿಲು ತೆರೆಯುವವರೇ ಕಡಿಮೆಯಾಗಿದ್ದರು. ಬಿಳಿ ಕೋಟು ಕಂಡರೆ ಕೆಲವು ಮನೆಯಲ್ಲಿ ಹಿಂಜರಿಯುತ್ತಾರೆ. ಅವರನ್ನು ಕಂಡರೆ "ಬಾರವ್ವ, ಕೂಸು ಹೆಂಗೈತಿ" ಎಂದು ಒಳಗೆ ಕರೆಯುತ್ತಾರೆ.

ನಮ್ಮ ಬಸ್ಸಿನ ಚಾಲಕರ ಬಗ್ಗೆಯೂ ಒಂದು ಮಾತು. ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಇಳಿಸಿ ಅವರು ಸುಮ್ನೆ ಮಲಗುವುದಿಲ್ಲ. ಚಹಾದಂಗಡಿಯಲ್ಲಿ ಕೂತು ಊರಿನ ಸುದ್ದಿ ಕೇಳುತ್ತಾರೆ. ಎರಡು ಸಲ ಜ್ವರ ಹರಡಿದ ಸುದ್ದಿ ನಮಗೆ ಮೊದಲು ಬಂದದ್ದು ಅವರಿಂದಲೇ.

ಸಹಾಯಕ ಪ್ರಾಧ್ಯಾಪಕರು, ಸಹ ಪ್ರಾಧ್ಯಾಪಕರು, ಪ್ರಾಧ್ಯಾಪಕರು: ಇವರಲ್ಲಿ ಏನು ವ್ಯತ್ಯಾಸ?

ಮೊದಲು ಸಹಾಯಕ, ಆಮೇಲೆ ಸಹ, ಕೊನೆಗೆ ಪ್ರಾಧ್ಯಾಪಕರು. ಪಾಠ ಮಾಡಿದ ವರ್ಷಗಳು ಮತ್ತು ಪ್ರಕಟವಾದ ಸಂಶೋಧನೆ ನೋಡಿ ಬಡ್ತಿ ಕೊಡುತ್ತಾರೆ. ನಿಮ್ಮ ಊರಿಗೆ ಯಾರು ಬಂದರೂ ಅದೇ ಕೆಲಸ ಮಾಡುತ್ತಾರೆ.

ನಿಮ್ಮಲ್ಲಿ ಕೆಲಸ ಖಾಲಿ ಇದೆಯಾ? ಡಾಕ್ಟರ್ ಅಲ್ಲದವರಿಗೂ ಸಿಗುತ್ತಾ?

ಸಿಗುತ್ತದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರು, ಸಂಖ್ಯಾಶಾಸ್ತ್ರದಲ್ಲಿ ಎಂಎಸ್‌ಸಿ ಮಾಡಿದವರು, ಲ್ಯಾಬ್ ಟೆಕ್ನಿಷಿಯನ್, ಹೆಲ್ತ್ ಇನ್‌ಸ್ಪೆಕ್ಟರ್ ಕೋರ್ಸ್ ಮುಗಿಸಿದವರು, ನರ್ಸಿಂಗ್ ಓದಿದವರು, ಎಲ್ಲರೂ ನಮಗೆ ಬೇಕು. ಸಂಶೋಧನಾ ಯೋಜನೆ ಬಂದಾಗ ಕೆಲವು ತಿಂಗಳ ಮಟ್ಟಿಗೆ ಸರ್ವೆ ಮಾಡುವವರನ್ನೂ ತೆಗೆದುಕೊಳ್ಳುತ್ತೇವೆ. ಆಗ ಕನ್ನಡ ಚೆನ್ನಾಗಿ ಬರಬೇಕು. ಉರ್ದು, ಲಂಬಾಣಿ ಅಥವಾ ತೆಲುಗು ಬಂದರೆ ಇನ್ನೂ ಒಳ್ಳೆಯದು. ಈ ಸೀಮೆಯಲ್ಲಿ ತಾಂಡಾಗಳಿವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಕಾಯಿಲೆಯ ಮಾತನ್ನು ಜನ ಮನೆಮಾತಿನಲ್ಲೇ ಬಿಚ್ಚಿ ಹೇಳುವುದು.

ಹುದ್ದೆಗೆ ಕಾಲೇಜು ಪ್ರಕಟಣೆ ಹೊರಡಿಸುತ್ತದೆ, ಸಂದರ್ಶನ ನಡೆಯುತ್ತದೆ. ನಡುವೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನೇರವಾಗಿ ಕಾಲೇಜಿನ ಕಚೇರಿಗೆ ಬಂದು ವಿಚಾರಿಸಿ.

ಈ ವಿಷಯ ಓದಬೇಕು ಅಂದ್ರೆ ಎಂಬಿಬಿಎಸ್ ಆಗಿರಲೇಬೇಕಾ?

ಎಂಡಿ ಕಮ್ಯುನಿಟಿ ಮೆಡಿಸಿನ್‌ಗೆ ಎಂಬಿಬಿಎಸ್ ಬೇಕೇ ಬೇಕು. ನೀಟ್ ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಮೂರು ವರ್ಷದ ಓದು. ಎಂಪಿಎಚ್ ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಬೇರೆ. ಅದು ಸಾಮಾನ್ಯವಾಗಿ ಎರಡು ವರ್ಷ. ದಂತ ವೈದ್ಯರು, ಆಯುರ್ವೇದ ಓದಿದವರು, ನರ್ಸಿಂಗ್ ಪದವೀಧರರು ಅದಕ್ಕೆ ಸೇರಬಹುದು. ಉಳಿದ ಪದವೀಧರರಿಗೆ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ನಿಯಮ. ಅರ್ಜಿ ಹಾಕುವ ಮುಂಚೆ ಆ ವರ್ಷದ ಪ್ರಕಟಣೆ ಓದಿಕೊಳ್ಳಿ.

"ಮಗಳು ಇದನ್ನು ತಗೊಂಡ್ರೆ ಕ್ಲಿನಿಕ್ ಹಾಕೋಕೆ ಆಗಲ್ವಲ್ಲ ಮೇಡಂ" ಎಂದು ಒಬ್ಬ ತಂದೆ ನನ್ನ ಮುಂದೆ ಬೇಸರಪಟ್ಟುಕೊಂಡಿದ್ದರು. ಆ ಹುಡುಗಿ ಈಗ ಒಂದು ತಾಲ್ಲೂಕಿನ ಲಸಿಕೆ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಾಳೆ. ತಂದೆಗೆ ಈಗ ಅವಳ ಕೆಲಸದ ಬೆಲೆ ಗೊತ್ತಾಗಿದೆ.

ಮುಂದೆ ಯಾವ ಯಾವ ಕಾರ್ಯಕ್ರಮಗಳಿವೆ?

ನಮ್ಮ ಕ್ಯಾಲೆಂಡರ್ ರೋಗಗಳನ್ನು ನೋಡಿಕೊಂಡು ನಡೆಯುತ್ತದೆ. ಜನವರಿ 30ಕ್ಕೆ ಕುಷ್ಠರೋಗ ವಿರೋಧಿ ದಿನ. ಗಾಂಧೀಜಿ ತೀರಿಕೊಂಡ ದಿನ ಅದು. ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ. ಮಾರ್ಚ್ 24 ಕ್ಷಯರೋಗ ದಿನ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣು ಪತ್ತೆಯಾಗಿದೆ ಎಂದು ಸಾರಿದ್ದು ಅದೇ ದಿನ. ಏಪ್ರಿಲ್ 7 ವಿಶ್ವ ಆರೋಗ್ಯ ದಿನ. ಏಪ್ರಿಲ್ 25 ಮಲೇರಿಯಾಕ್ಕೆ, ಮೇ 16 ಡೆಂಗಿಗೆ, ಮೇ 31 ತಂಬಾಕಿಗೆ.

ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ. ಹೆರಿಗೆ ವಾರ್ಡಿನಲ್ಲಿ ಅತ್ತೆಯಂದಿರನ್ನೂ ಕೂರಿಸಿಕೊಂಡು ಮಾತಾಡುತ್ತೇವೆ. ಹುಟ್ಟಿದ ಮಗುವಿಗೆ ಮೊದಲ ಹಳದಿ ಹಾಲು ಕೊಡಬೇಕೋ ಚೆಲ್ಲಬೇಕೋ ಎನ್ನುವುದು ಎಷ್ಟೋ ಮನೆಯಲ್ಲಿ ಅವರ ತೀರ್ಮಾನ. ಕೊಡಲೇಬೇಕು. ರೋಗದ ವಿರುದ್ಧ ಹೋರಾಡುವ ಶಕ್ತಿ ಅದರಲ್ಲೇ ಜಾಸ್ತಿ. ಸೆಪ್ಟೆಂಬರ್ ಹೊತ್ತಿಗೆ ಪೋಷಣ ಮಾಸ. ಸೆಪ್ಟೆಂಬರ್ 28 ರೇಬೀಸ್ ದಿನ. ಅಕ್ಟೋಬರ್ 15 ಕೈತೊಳೆಯುವ ದಿನ, ನವೆಂಬರ್ 14 ಸಕ್ಕರೆ ಕಾಯಿಲೆಯ ದಿನ, ಡಿಸೆಂಬರ್ 1 ಏಡ್ಸ್ ದಿನ.

ಯಾವ ಊರಿನಲ್ಲಿ, ಎಷ್ಟು ಗಂಟೆಗೆ ಎನ್ನುವುದನ್ನು ಆಶಾ ಕಾರ್ಯಕರ್ತೆಯರ ಮೂಲಕ ಒಂದು ವಾರ ಮೊದಲು ತಿಳಿಸುತ್ತೇವೆ.

ಜಾಥಾ ಮಾಡಿ ಘೋಷಣೆ ಕೂಗಿದರೆ ಡೆಂಗಿ ಹೋಗುತ್ತಾ?

ಹೋಗುವುದಿಲ್ಲ. ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದ್ದು ಹೂವು ಮಾರುವ ಒಬ್ಬ ಅಮ್ಮ. ಅವರ ಮಾತಿನಲ್ಲಿ ಸತ್ಯ ಇತ್ತು. ಆಮೇಲೆ ನಾವು ಜಾಥಾ ಚಿಕ್ಕದು ಮಾಡಿ ಮನೆ ಭೇಟಿ ಜಾಸ್ತಿ ಮಾಡಿದೆವು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರನ್ನು ಹುಡುಕಿಕೊಂಡು ಹೋಗುವುದಿಲ್ಲ. ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರೇ ಅದಕ್ಕೆ ಬೇಕು. ನಮ್ಮ ಕಡೆ ನಲ್ಲಿಯಲ್ಲಿ ದಿನಾ ನೀರು ಬರುವುದಿಲ್ಲ. ಬಂದ ದಿನ ಡ್ರಮ್ಮು, ತೊಟ್ಟಿ, ಕೊಡ, ಬಕೆಟ್ ಎಲ್ಲ ತುಂಬುತ್ತೇವೆ. ಇದು ಜನರ ತಪ್ಪಲ್ಲ. ನೀರು ಬರದಿದ್ದರೆ ತುಂಬಿಡದೆ ಇನ್ನೇನು ಮಾಡುತ್ತಾರೆ? ಹಾಗಾಗಿ "ನೀರು ಶೇಖರಿಸಬೇಡಿ" ಎಂದು ಬರೆದ ಪೋಸ್ಟರ್ ನನಗೆ ಇಷ್ಟವಿಲ್ಲ. "ಮುಚ್ಚಿಡಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ" ಎನ್ನಬೇಕು.

ಉಜ್ಜಿ ಎನ್ನುವುದು ಮುಖ್ಯ. ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಒಳಗೋಡೆಗೆ. ಬರೀ ನೀರು ಚೆಲ್ಲಿದರೆ ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಬಿದ್ದಾಗ ಮರಿ ಹೊರಬರುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕಿ ತೊಳೆದರೆ ಆ ಸರಪಳಿ ಕಡಿಯುತ್ತದೆ.

ಮೇ 16ರ ನಂತರ ನಮ್ಮ ವಿದ್ಯಾರ್ಥಿಗಳು ಟಾರ್ಚ್ ಹಿಡಿದು ಮನೆಗೆ ಬರುತ್ತಾರೆ. ಪಾತ್ರೆಗಳಲ್ಲಿ ಹುಳ, ಅಂದರೆ ಲಾರ್ವಾ, ಇದೆಯಾ ನೋಡುತ್ತಾರೆ. 100 ಮನೆ ನೋಡಿ 12 ಮನೆಯಲ್ಲಿ ಸಿಕ್ಕರೆ ಆ ಬೀದಿಯ ಹೌಸ್ ಇಂಡೆಕ್ಸ್ 12 ಎಂದು ಬರೆಯುತ್ತಾರೆ. ಎರಡು ವಾರ ಬಿಟ್ಟು ಅದೇ ಬೀದಿಗೆ ಮತ್ತೆ ಹೋಗುತ್ತಾರೆ. ಅಂಕಿ ಇಳಿದಿದ್ದರೆ ನಮ್ಮ ಮಾತು ಮನೆಯೊಳಗೆ ಹೋಗಿದೆ ಎಂದರ್ಥ. ಇಳಿಯದಿದ್ದರೆ ನಾವು ಹೇಳಿದ ರೀತಿ ಸರಿಯಿಲ್ಲ. ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರ್, ಹೂಕುಂಡದ ಕೆಳಗಿನ ಬಟ್ಟಲು, ಅಂಗಳದಲ್ಲಿ ಬಿದ್ದ ಎಳನೀರು ಚಿಪ್ಪು, ಪಂಕ್ಚರ್ ಅಂಗಡಿಯ ಹಳೇ ಟೈರು: ಇವನ್ನು ಜನ ಮರೆತೇ ಬಿಡುತ್ತಾರೆ. ದಾವಣಗೆರೆಯ ಕೆ.ಆರ್. ಮಾರ್ಕೆಟ್ ಕಡೆ ಎಳನೀರು ಮಾರುವವರ ಜೊತೆ ಮಾತಾಡಿ, ಚಿಪ್ಪನ್ನು ಕತ್ತರಿಸಿ ಬೋರಲು ಹಾಕಿ ಎಂದು ಹೇಳಿಕೊಡಿ ಎಂದು ಒಬ್ಬ ವಿದ್ಯಾರ್ಥಿ ಸಲಹೆ ಕೊಟ್ಟಿದ್ದಾನೆ. ಈ ಸಲ ಅದನ್ನೂ ಮಾಡುತ್ತೇವೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಜಾಗಕ್ಕೆ ದಂಡ ಹಾಕುವ ನಿಯಮವನ್ನೂ ತಂದಿತು. ನಮ್ಮ ಹುಡುಗರು ದಂಡ ಹಾಕಲು ಬರುವವರಲ್ಲ. ಹೆದರದೆ ಬಾಗಿಲು ತೆರೆಯಿರಿ.

ಜಾತ್ರೆಗೆ ನೀವು ಯಾಕೆ ಬರ್ತೀರಿ?

ನೀರಿಗಾಗಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಪ್ರತಿ ವರ್ಷ. ಅಷ್ಟು ಜನ ಒಂದೇ ಕಡೆ ಸೇರಿ, ಒಂದೇ ಟ್ಯಾಂಕರಿನ ನೀರು ಕುಡಿದು, ಬಯಲಲ್ಲೇ ಅಡಿಗೆ ಮಾಡಿ ಉಣ್ಣುವಾಗ ಒಂದು ಟ್ಯಾಂಕ್ ಕೆಟ್ಟರೂ ಸಾಕು, ವಾಂತಿಭೇದಿ ಹತ್ತಾರು ಊರಿಗೆ ಹೋಗುತ್ತದೆ. ತಿಪ್ಪೇರುದ್ರಸ್ವಾಮಿಗಳು ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಎಂದು ಜನ ಇವತ್ತಿಗೂ ನೆನೆಯುತ್ತಾರೆ. ಅವರ ಜಾತ್ರೆಯಲ್ಲಿ ನೀರು ಕಾಯುವ ಕೆಲಸ ಸಿಕ್ಕರೆ ಅದು ನಮ್ಮ ಭಾಗ್ಯ ಎಂದೇ ನಾನು ನಂಬಿದ್ದೇನೆ.

ಮಾಡುವುದೇನು ಅಂದರೆ, ಟ್ಯಾಂಕರ್ ಬಂದ ಕೂಡಲೇ ಒಂದು ಚಿಕ್ಕ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಹಾಕುತ್ತೇವೆ. ಹಳದಿ ಬಂದರೆ ಕ್ಲೋರಿನ್ ಇದೆ. ಬಣ್ಣ ಬರದಿದ್ದರೆ ಆ ಟ್ಯಾಂಕರಿನ ನಲ್ಲಿ ತೆರೆಯಲು ಬಿಡಬೇಡಿ ಎಂದು ಅಲ್ಲಿದ್ದ ಅಧಿಕಾರಿಗಳಿಗೆ ಹೇಳುತ್ತೇವೆ. 1,000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಸಾಕು. ಅದನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್‌ನಲ್ಲಿ ಕಲಸಿ, ಪುಡಿಯಲ್ಲಿರುವ ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಬೇಕು. ಒಂದು ಗಂಟೆ ಕಾಯಬೇಕು. ಆಮೇಲೆ ಕುಡಿಯಬಹುದು. ಬಾಯಿ ತೆರೆದಿಟ್ಟ ಹಳೇ ಚೀಲದ ಪುಡಿಯಲ್ಲಿ ಸತ್ವ ಹೋಗಿರುತ್ತದೆ, ಅದನ್ನು ಎಷ್ಟು ಹಾಕಿದರೂ ಉಪಯೋಗವಿಲ್ಲ.

"ನೀರು ಔಷಧಿ ವಾಸನೆ ಬರ್ತೈತಿ" ಎಂದು ಜನ ಮುಖ ಸಿಂಡರಿಸುತ್ತಾರೆ. ಆ ಸಣ್ಣ ವಾಸನೆಯೇ ನಿಮ್ಮನ್ನು ಕಾಯುವುದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಕೆಲವರು ಜೀವವನ್ನೇ ಕಳೆದುಕೊಂಡರು. ನಲ್ಲಿ ತಿರುಗಿಸಿ ನೀರು ಕುಡಿದದ್ದು ಬಿಟ್ಟರೆ ಅವರು ಬೇರೇನೂ ಮಾಡಿರಲಿಲ್ಲ. ಆ ವರ್ಷದಿಂದ ನಾನು ಪಾಠದಲ್ಲಿ ನೀರಿನ ಅಧ್ಯಾಯವನ್ನು ತರಗತಿಯಲ್ಲಿ ಮಾಡುವುದನ್ನು ನಿಲ್ಲಿಸಿದ್ದೇನೆ. ವಿದ್ಯಾರ್ಥಿಗಳನ್ನು ಟ್ಯಾಂಕಿನ ಬುಡಕ್ಕೇ ಕರೆದುಕೊಂಡು ಹೋಗುತ್ತೇನೆ.

ನಮ್ಮ ಊರಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತಾರೆ. ಕುದಿಸಿ ಕುಡಿದರೆ ಸರಿ ಹೋಗುತ್ತಲ್ವಾ?

ಇಲ್ಲ. ದಯವಿಟ್ಟು ಇದನ್ನು ಅಕ್ಕಪಕ್ಕದವರಿಗೂ ಹೇಳಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದ ಹಾಗೆ ಅದು ಇನ್ನೂ ಗಟ್ಟಿಯಾಗುತ್ತದೆ.

ಚಿತ್ರದುರ್ಗ ಜಿಲ್ಲೆಯಲ್ಲಿ, ಅದಕ್ಕೆ ಅಂಟಿಕೊಂಡ ದಾವಣಗೆರೆಯ ಕೆಲವು ಒಣ ಭಾಗಗಳಲ್ಲಿ ಇದು ಹಳೆಯ ಕಷ್ಟ. ಇಲ್ಲಿನ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಮಳೆ ಕಮ್ಮಿ. ಅಂತರ್ಜಲ ಕೆಳಗೆ ಹೋದಷ್ಟೂ ಬೋರ್ ಆಳಕ್ಕೆ ಇಳಿಸುತ್ತೇವೆ. ಆ ನೀರು ಎಷ್ಟೋ ಕಾಲದಿಂದ ಕಲ್ಲಿನ ಜೊತೆ ಇದ್ದದ್ದು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬರುತ್ತವೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದ ಒಳಗೆ ಆ ಹಾನಿ ಆಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದೊಡ್ಡವರಿಗೆ ಸೊಂಟ, ಕುತ್ತಿಗೆ, ಮಂಡಿ ಬಿಗಿಯುತ್ತವೆ.

ನಮ್ಮ ಶಾಲಾ ಭೇಟಿಗಳಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತದೆ. ಹಲ್ಲು ಕಲೆಯಾದ ಹೆಣ್ಣುಮಕ್ಕಳು ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. "ಹಲ್ಲು ತಿಕ್ಕಲ್ವೇನೆ" ಎಂದು ಯಾರೋ ಅವರನ್ನು ಬೈದಿರುತ್ತಾರೆ. ತಪ್ಪು ಮಗುವಿನದಲ್ಲ, ನೀರಿನದ್ದು. ಶಿಕ್ಷಕರಿಗೆ ನಾವು ಮೊದಲು ಹೇಳುವುದೇ ಇದನ್ನು.

ಮುಂದಿನ ಶಾಲಾ ಶಿಬಿರಗಳಲ್ಲಿ ಹಲ್ಲು ನೋಡುವುದರ ಜೊತೆ ಊರಿನ ನೀರಿನ ಮಾದರಿಯನ್ನೂ ಪರೀಕ್ಷೆಗೆ ತರುತ್ತೇವೆ. ಸದ್ಯಕ್ಕೆ ಕುಡಿಯಲು, ಅಡಿಗೆಗೆ ಶುದ್ಧ ನೀರಿನ ಘಟಕದ ನೀರು ಬಳಸಿ. ಅಡಿಗೆಗೆ ಕೂಡ, ಮರೆಯಬೇಡಿ. ಕುಡಿಯಲು ಮಾತ್ರ ಘಟಕದ ನೀರು, ಅನ್ನ ಸಾರಿಗೆ ಬೋರಿನ ನೀರು ಎಂದರೆ ಫ್ಲೋರೈಡ್ ಹೊಟ್ಟೆಗೆ ಹೋಗೇ ಹೋಗುತ್ತದೆ. ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು, ಅದರಲ್ಲಿ ಫ್ಲೋರೈಡಿನ ಭಯ ಇಲ್ಲ. ಮಕ್ಕಳಿಗೆ ಹಾಲು, ರಾಗಿ, ನೆಲ್ಲಿಕಾಯಿ ಸಿಗುವಂತೆ ನೋಡಿಕೊಳ್ಳಿ. ಕ್ಯಾಲ್ಸಿಯಂ ಮತ್ತು ಸಿ ವಿಟಮಿನ್ ಇದ್ದರೆ ಹಾನಿ ಕಮ್ಮಿ.

ವಿದ್ಯಾರ್ಥಿಗಳು ಮನೆಗೆ ಬಂದು ಏನೇನೋ ಕೇಳ್ತಾರೆ. ಎಲ್ಲ ಹೇಳಬೇಕಾ?

ಅವರು ಬರುವುದು ಕುಟುಂಬ ದತ್ತು ಕಾರ್ಯಕ್ರಮಕ್ಕೆ. ಎಂಬಿಬಿಎಸ್ ಸೇರಿದ ಮೊದಲ ವರ್ಷದಿಂದಲೇ ಒಬ್ಬೊಬ್ಬರು ಕೆಲವು ಕುಟುಂಬಗಳ ಜೊತೆ ನಂಟು ಇಟ್ಟುಕೊಂಡು, ಓದು ಮುಂದುವರಿದ ಹಾಗೆ ಮತ್ತೆ ಮತ್ತೆ ಬರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಮಾಡಿದೆ. ದತ್ತು ಎಂಬ ಪದ ಕೇಳಿ ಕೆಲವರು ದುಡ್ಡು ಕೊಡುತ್ತಾರೆ ಎಂದುಕೊಂಡಿದ್ದಾರೆ. ಕೊಡುವುದಿಲ್ಲ. ಬಿಪಿ ನೋಡುತ್ತಾರೆ, ಮಕ್ಕಳ ತೂಕ, ಲಸಿಕೆ ಕಾರ್ಡ್ ನೋಡುತ್ತಾರೆ, ತೊಂದರೆ ಇದ್ದರೆ ಆಸ್ಪತ್ರೆಗೆ ಕಳಿಸುತ್ತಾರೆ.

ಇಷ್ಟವಿಲ್ಲದ ಪ್ರಶ್ನೆಗೆ "ಬೇಡಪ್ಪ" ಎಂದು ಹೇಳಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಆಗುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ಎರಡನೇ ವರ್ಷದ ಹುಡುಗಿಯೊಬ್ಬಳು ತನ್ನ ಪಾಲಿನ ಮನೆಗೆ ಹೋದಾಗ ಅಜ್ಜ ಮೂಲೆಯಲ್ಲಿ ಕೆಮ್ಮುತ್ತಾ ಕೂತಿದ್ದರು. ಕ್ಷಯದ ಮಾತ್ರೆ ಎರಡು ತಿಂಗಳು ನುಂಗಿ, ಆರಾಮಾಯಿತು ಎಂದು ಬಿಟ್ಟಿದ್ದರು. ಹುಡುಗಿ ಗದರಿಸಲಿಲ್ಲ. "ಅಜ್ಜಾರೇ, ಯಾಕೆ ಬಿಟ್ರಿ" ಎಂದು ಕೇಳಿದಳು. ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಬೆಳಗ್ಗೆ ಉಣ್ಣಲು ಏನೂ ಇರುವುದಿಲ್ಲ ಎಂದು ಅಜ್ಜ ಹೇಳಿದರು. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಮಾತ್ರೆ ಬೇಕು. ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗಿ ಮರಳಬಹುದು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ಕಾಲದ ಊಟಕ್ಕೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಅಜ್ಜನ ಬ್ಯಾಂಕ್ ಖಾತೆಯೇ ಜೋಡಣೆ ಆಗಿರಲಿಲ್ಲ. ಅವಳು ಆಶಾ ಅಕ್ಕನ ಜೊತೆ ಓಡಾಡಿ ಅದನ್ನು ಸರಿ ಮಾಡಿಸಿದಳು. ಅಜ್ಜ ಮತ್ತೆ ಚಿಕಿತ್ಸೆ ಶುರು ಮಾಡಿ ಪೂರ್ತಿ ಮುಗಿಸಿದರು. ಆ ಹುಡುಗಿ ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದಳೋ ನನಗೆ ನೆನಪಿಲ್ಲ.

ಕ್ಯಾಂಪಿನಲ್ಲಿ ಬಿಪಿ ಜಾಸ್ತಿ ಇದೆ ಅಂದ್ರು. ಮುಂದೇನು ಮಾಡಬೇಕು?

ಒಂದೇ ಸಲ ನೋಡಿ ಬಿಪಿ ಇದೆ ಎಂದು ತೀರ್ಮಾನಿಸುವುದಿಲ್ಲ. ಬಿಸಿಲಲ್ಲಿ ನಡೆದು ಬಂದು ಕೂತ ತಕ್ಷಣ ನೋಡಿದರೆ ಜಾಸ್ತಿ ತೋರಿಸಬಹುದು. ಐದು ನಿಮಿಷ ಸುಮ್ಮನೆ ಕೂತು ನೋಡಿಸಿ. ಬೇರೆ ಬೇರೆ ಎರಡು ದಿನ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರನ್ನು ಕಾಣಿ. ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. 30 ದಾಟಿದ ಎಲ್ಲರೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಒಂದು ಕಡೆ ದೊಡ್ಡ ಶಿಬಿರ ನಡೆಯಿತು. ಶಾಮಿಯಾನ, ಅತಿಥಿಗಳು, ಪತ್ರಿಕೆಯಲ್ಲಿ ಫೋಟೋ ಎಲ್ಲ ಆಯಿತು. ಸಕ್ಕರೆ ಜಾಸ್ತಿ ಇದ್ದವರಿಗೆ ಚೀಟಿ ಕೊಟ್ಟು ಕಳಿಸಿದೆವು, ವಿಳಾಸ ಬರೆದುಕೊಳ್ಳಲಿಲ್ಲ. ಎರಡು ವರ್ಷದ ನಂತರ ಅದೇ ಊರಿನ ಒಬ್ಬ ತಾಯಿ ಕಾಲಿನ ಗಾಯ ಕೊಳೆತು ಆಸ್ಪತ್ರೆಗೆ ಬಂದರು. ಸೆರಗಿನ ಗಂಟಿನಲ್ಲಿ ನಮ್ಮ ಚೀಟಿ ಹಾಗೇ ಇತ್ತು. ಯಾರಾದರೂ ಮತ್ತೆ ಬರುತ್ತಾರೆ ಎಂದು ಅವರು ಕಾದಿದ್ದರಂತೆ. ಅಂದಿನಿಂದ ನನ್ನ ಶಿಬಿರಗಳಲ್ಲಿ ಒಂದು ನಿಯಮ ಇದೆ. ಎರಡನೇ ಭೇಟಿಯ ದಿನ ಗೊತ್ತು ಮಾಡದೆ ಮೊದಲ ಶಿಬಿರ ಇಡುವುದಿಲ್ಲ. ನೀವೂ ಶಿಬಿರಕ್ಕೆ ಬಂದಾಗ "ಮತ್ತೆ ಯಾವಾಗ ಬರ್ತೀರಿ" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ನಾಯಿ ಕಚ್ಚಿದರೆ?

ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದಲ್ಲಿ ಕೊಡುವ ಚುಚ್ಚುಮದ್ದು ಮೊದಲ ದಿನ, ಆಮೇಲೆ ಆ ದಿನದಿಂದ 3, 7, 28 ದಿನಗಳಾದಾಗ. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿಯೂ ಬೇಕು. ಹೊಕ್ಕುಳ ಸುತ್ತ 14 ಚುಚ್ಚುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಅದಕ್ಕೆ ಹೆದರಿ ಮನೆಯಲ್ಲಿ ಕೂರಬೇಡಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು.

ಮಂಡಕ್ಕಿ ಭಟ್ಟಿ ಕಡೆಯೂ ಬರ್ತೀರಾ?

ಬರುತ್ತೇವೆ. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಯ ರುಚಿ ಎಲ್ಲರಿಗೂ ಗೊತ್ತು. ಆ ಮಂಡಕ್ಕಿ ಹುರಿಯುವವರು ಬೆಂಕಿಯ ಝಳ, ಹೊಗೆ, ದೂಳಿನ ನಡುವೆ ದಿನವೆಲ್ಲ ನಿಲ್ಲುತ್ತಾರೆ. ಅಲ್ಲಿ ಉಸಿರಿನ ಬಲ ನೋಡುವ ಪೀಕ್ ಫ್ಲೋ ಪರೀಕ್ಷೆ ಮಾಡುತ್ತೇವೆ. ಅವರಿಗೆ ದಿನಗೂಲಿ ಮುಖ್ಯ. ಹಗಲು ಶಿಬಿರ ಇಟ್ಟರೆ ಯಾರೂ ಬರಲಾರರು, ಅವರ ಪಾಳಿ ಮುಗಿಯುವ ಹೊತ್ತಿಗೆ ನಾವೇ ಹೋಗಬೇಕು.

ನಮ್ಮ ಊರಿಗೆ ನಿಮ್ಮನ್ನು ಕರೆಸಬೇಕು. ಹೇಗೆ?

ಗ್ರಾಮ ಪಂಚಾಯಿತಿ, ಶಾಲೆ, ಮಹಿಳಾ ಸ್ವಸಹಾಯ ಸಂಘ, ಯುವಕ ಸಂಘ ಯಾರಾದರೂ ವಿಭಾಗದ ಮುಖ್ಯಸ್ಥರ ಹೆಸರಿಗೆ ಒಂದು ಪತ್ರ ಬರೆದರೆ ಸಾಕು. ಕನ್ನಡದಲ್ಲೇ ಬರೆಯಿರಿ. ಶುಲ್ಕ ಇಲ್ಲ. ಊಟದ ವ್ಯವಸ್ಥೆ ಬೇಡ. ಹಾರ, ಶಾಲು ಬೇಡವೇ ಬೇಡ. ನೆರಳಿರುವ ಒಂದು ಜಾಗ, ನಾಲ್ಕು ಬೆಂಚು, ಮಹಿಳೆಯರನ್ನು ಪರೀಕ್ಷಿಸಲು ಬಾಗಿಲು ಹಾಕುವ ಒಂದು ಕೋಣೆ, ಇಷ್ಟು ಕೊಡಿ.

ಪತ್ರದಲ್ಲಿ ಊರಿನ ಮನೆಗಳ ಸಂಖ್ಯೆ, ನೀರು ಎಲ್ಲಿಂದ ಬರುತ್ತದೆ, ಆಶಾ ಕಾರ್ಯಕರ್ತೆಗೆ ತಿಳಿಸಿದ್ದೀರಾ ಎನ್ನುವುದನ್ನು ಬರೆಯಿರಿ. ಜನ ಮನೆಯಲ್ಲಿ ಸಿಗುವ ಹೊತ್ತನ್ನೂ ಬರೆಯಿರಿ. ಮೆಕ್ಕೆಜೋಳ ಮುರಿಯುವ ದಿನಗಳಲ್ಲಿ ಬೆಳಗ್ಗೆ 10ಕ್ಕೆ ಬಂದರೆ ಊರಲ್ಲಿ ಬೀಗ ಹಾಕಿದ ಬಾಗಿಲುಗಳೇ ಕಾಣುತ್ತವೆ. 7ಕ್ಕೆ ಬನ್ನಿ ಎಂದರೆ 7ಕ್ಕೇ ಬರುತ್ತೇವೆ. ರಾತ್ರಿ ಊಟದ ನಂತರ ಎಂದರೂ ಸರಿ, ಬಸ್ಸಿನ ಚಾಲಕರು ಅದಕ್ಕೂ ಒಪ್ಪಿದ್ದಾರೆ.